ಚಿಪ್ಪಿನೊಳಗಿನ ರಸ್ತೆಗಳು: ಅನಂತ್ ಅಗರ್‌ವಾಲ್ ಅವರ ವೃತ್ತಿಪಥ



ಬೆಂಗಳೂರಿನ ಉತ್ತರಕ್ಕೆ ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಸಾಗಿದರೆ ಹುಣಸಮಾರನಹಳ್ಳಿ ಸಿಗುತ್ತದೆ. 1986ರಲ್ಲಿ ಆರಂಭವಾದ ಸರ್ ಎಂ. ವಿಶ್ವೇಶ್ವರಯ್ಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದು ಇಲ್ಲಿಯೇ. ಇಲ್ಲಿಂದ ಮೆಜೆಸ್ಟಿಕ್ಕಿಗೆ ಹೊರಟ ಬಸ್ಸು ಹೆಬ್ಬಾಳವನ್ನು ಹಾದೇ ಹೋಗಬೇಕು. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯಿಂದ ಬಂದವರು, ವಿಮಾನ ನಿಲ್ದಾಣದಿಂದ ಬಂದವರು, ಹೊರ ವರ್ತುಲ ರಸ್ತೆಯಿಂದ ಬಂದವರು, ಎಲ್ಲರಿಗೂ ಹೆಬ್ಬಾಳವೇ ಹೆಬ್ಬಾಗಿಲು. ಬಸ್ಸಿನ ಎಂಜಿನ್ನಿಗೆ ಎಷ್ಟು ಶಕ್ತಿಯಿದ್ದರೇನು? ಹೆಬ್ಬಾಳದಲ್ಲಿ ಸಾಲು ನಿಂತಿತೆಂದರೆ ಹೊಸ ಬಸ್ಸೂ ನಿಲ್ಲುತ್ತದೆ, ಹಳೆಯ ಬಸ್ಸೂ ನಿಲ್ಲುತ್ತದೆ.

ಕಂಪ್ಯೂಟರಿನ ಚಿಪ್ಪಿನೊಳಗೂ ಇಂಥದೇ ಒಂದು ತೊಡಕು ಉಂಟು. ಲೆಕ್ಕ ಮಾಡುವ ಭಾಗ ಎಷ್ಟು ವೇಗವಾಗಿದ್ದರೂ, ಲೆಕ್ಕಕ್ಕೆ ಬೇಕಾದ ಅಂಕಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ದಾರಿ ಇಕ್ಕಟ್ಟಾದರೆ ಎಲ್ಲವೂ ಕಾಯಬೇಕಾಗುತ್ತದೆ. ಹಲವು ಭಾಗಗಳು ಹಂಚಿಕೊಂಡು ಬಳಸುವ ತಂತಿಗಳ ಸಮೂಹಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಕೂಡ ‘ಬಸ್’ ಎಂದೇ!

ಚಿಪ್ ವಿನ್ಯಾಸದ ನಾಯಕತ್ವ ಎಂದರೇನು, ಆ ಸ್ಥಾನಕ್ಕೆ ಹೇಗೆ ತಲುಪುತ್ತಾರೆ ಎಂದು ತಿಳಿಯಬೇಕಾದರೆ ಈ ದಾರಿಯ ತೊಡಕನ್ನೇ ಹಿಡಿದು ಹೊರಡುವುದು ಒಳ್ಳೆಯದು. ಏಕೆಂದರೆ ಮಂಗಳೂರಿನಲ್ಲಿ ಶಾಲೆ ಓದಿದ ಒಬ್ಬ ವ್ಯಕ್ತಿ ಸುಮಾರು ಮೂರು ದಶಕಗಳ ಕಾಲ ಈ ಒಂದೇ ತೊಡಕಿನ ಬೆನ್ನು ಹತ್ತಿದರು. ಅವರು ಅನಂತ್ ಅಗರ್‌ವಾಲ್.

ನಾಯಕನ ಕೆಲಸ ಏನು?

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ದೊಡ್ಡ ಚಿಪ್ಪೊಂದನ್ನು ಒಬ್ಬರೇ ರಚಿಸುವುದು ಸಾಧ್ಯವಿಲ್ಲ. ಚಿಪ್ಪಿನಲ್ಲಿ ಯಾವ ಯಾವ ಭಾಗಗಳಿರಬೇಕು, ಒಂದಕ್ಕೊಂದು ಹೇಗೆ ಮಾತನಾಡಬೇಕು ಎಂದು ನಿರ್ಧರಿಸುವವರು ವಾಸ್ತುಶಿಲ್ಪಿಗಳು, ಅಂದರೆ ಆರ್ಕಿಟೆಕ್ಟರು. ಅದನ್ನು ತರ್ಕದ ಭಾಷೆಯಲ್ಲಿ ಬರೆಯುವವರು ಬೇರೆ. ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸುವವರು ಮತ್ತೊಂದು ತಂಡ. ಟ್ರಾನ್ಸಿಸ್ಟರುಗಳನ್ನೂ ತಂತಿಗಳನ್ನೂ ಸಿಲಿಕಾನ್ ಮೇಲೆ ಎಲ್ಲಿ ಕೂರಿಸಬೇಕೆಂದು ನಕ್ಷೆ ಮಾಡುವವರು ಇನ್ನೊಂದು ತಂಡ. ಕೊನೆಗೆ ಆ ಚಿಪ್ಪಿನ ಮೇಲೆ ಕೆಲಸ ಮಾಡುವ ತಂತ್ರಾಂಶವನ್ನು ಬರೆಯುವವರೂ ಬೇಕು.

ಇವರೆಲ್ಲರ ಮುಂದೆ ನಿಂತವರು ಮುಖ್ಯವಾಗಿ ಮೂರು ತೀರ್ಮಾನಗಳನ್ನು ಮಾಡಬೇಕಾಗುತ್ತದೆ. ಕೆಲಸವನ್ನು ಎಲ್ಲಿ ತುಂಡು ಮಾಡುವುದು? ಚಿಪ್ಪಿನಲ್ಲಿ ಏನನ್ನು ಬಿಟ್ಟುಬಿಡುವುದು? ‘ಇನ್ನು ಸಾಕು, ಕಾರ್ಖಾನೆಗೆ ಕಳುಹಿಸಿ’ ಎಂದು ಯಾವಾಗ ಹೇಳುವುದು? ಈ ಮೂರನೆಯದಕ್ಕೆ ‘ಟೇಪ್‌ಔಟ್’ ಎಂದು ಹೆಸರು. ಹಿಂದೆ ವಿನ್ಯಾಸವನ್ನು ಮ್ಯಾಗ್ನೆಟಿಕ್ ಟೇಪಿನ ಮೇಲೆ ಬರೆದು ಕಳುಹಿಸುತ್ತಿದ್ದರು. ಟೇಪು ಹೋಯಿತು, ಹೆಸರು ಉಳಿಯಿತು. ನಮ್ಮ ದೂರದರ್ಶನದ ಕೆಲಸದಲ್ಲೂ ಪ್ರಸಾರವಾಗಿ ಹೋದ ದೃಶ್ಯವನ್ನು ಹಿಂದಕ್ಕೆ ಕರೆಯಲಾಗದು. ಆದರೆ ಮುಂದಿನ ವಾರ ತಿದ್ದುಪಡಿ ಹೇಳಬಹುದು. ಚಿಪ್ಪಿಗೆ ಆ ಅನುಕೂಲವೂ ಕಡಿಮೆ. ಅಚ್ಚು ಬಿದ್ದ ಮೇಲೆ ಸಿಲಿಕಾನನ್ನು ತಿದ್ದಲಾಗದು. ಹೊಸ ಅಚ್ಚೇ ಆಗಬೇಕು, ತಿಂಗಳುಗಟ್ಟಲೆ ಕಾಯಬೇಕು, ಭಾರಿ ಹಣ ತೆರಬೇಕು.

1994ರ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಆ ವರ್ಷ ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್ಪು ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆಂದು ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಕಂಡುಹಿಡಿದರು. ಭಾಗಾಕಾರಕ್ಕೆಂದು ಚಿಪ್ಪಿನಲ್ಲಿ ಅಳವಡಿಸಿದ್ದ ಕೋಷ್ಟಕದ ಕೆಲವೇ ಮನೆಗಳು ಖಾಲಿ ಉಳಿದಿದ್ದವು. ಆ ತಪ್ಪಿಗಾಗಿ ಇಂಟೆಲ್ ತನ್ನ ಲೆಕ್ಕಪತ್ರದಲ್ಲಿ ಬರೆದುಕೊಂಡ ನಷ್ಟ 47.5 ಕೋಟಿ ಡಾಲರು.

ಮಂಗಳೂರಿನಿಂದ ಸ್ಟಾನ್‌ಫರ್ಡ್‌ವರೆಗೆ

ಅನಂತ್ ಅಗರ್‌ವಾಲ್ ಅವರ ಶಾಲಾ ವಿದ್ಯಾಭ್ಯಾಸ ನಡೆದದ್ದು ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯಲ್ಲಿ. ಆಮೇಲೆ ಮದರಾಸಿನ ಐ.ಐ.ಟಿ. ಸೇರಿ 1982ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. ಅಲ್ಲಿಂದ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ 1987ರಲ್ಲಿ ಡಾಕ್ಟರೇಟ್ ಪದವಿ ಗಳಿಸಿದರು.

ಆ ಕಾಲದಲ್ಲಿ ಸ್ಟಾನ್‌ಫರ್ಡ್ ಒಂದು ಹೊಸ ವಿಚಾರದ ತವರಾಗಿತ್ತು. ಚಿಪ್ಪಿಗೆ ಜಟಿಲ ಆಜ್ಞೆಗಳನ್ನು ಕಲಿಸುವುದಕ್ಕಿಂತ ಕೆಲವೇ ಸರಳ ಆಜ್ಞೆಗಳನ್ನು ಕಲಿಸಿ ಅವನ್ನು ವೇಗವಾಗಿ ಮಾಡಿಸುವುದು ಮೇಲು ಎಂದು ಜಾನ್ ಹೆನ್ನೆಸಿ ಮತ್ತು ಅವರ ಸಂಗಡಿಗರು ವಾದಿಸುತ್ತಿದ್ದರು. ಮಿಪ್ಸ್ ಎಂಬ ಹೆಸರಿನ ಚಿಪ್ಪುಗಳನ್ನು ತಾವೇ ರಚಿಸಿ ತೋರಿಸಿದರು. ಈ ವಿಚಾರಕ್ಕಾಗಿ ಹೆನ್ನೆಸಿ ಅವರಿಗೂ ಡೇವಿಡ್ ಪ್ಯಾಟರ್‌ಸನ್ ಅವರಿಗೂ 2017ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಆ ಮಿಪ್ಸ್ ಬಳಗದಲ್ಲಿ ವಿದ್ಯಾರ್ಥಿ ಅಗರ್‌ವಾಲ್ ಅವರೂ ದುಡಿದರು.

ಅವರ ಪ್ರಬಂಧದ ವಿಷಯ ‘ಕ್ಯಾಶ್’. ಹಣವಲ್ಲ, ಚಿಪ್ಪಿನ ಪಕ್ಕದಲ್ಲೇ ಇರುವ ಸಣ್ಣ, ಚುರುಕಾದ ಸ್ಮರಣೆ. ನಿಮ್ಮ ಮನೆಯ ಅಡುಗೆಯನ್ನೇ ನೋಡಿ. ಒಲೆಯ ಪಕ್ಕದಲ್ಲಿ ಒಗ್ಗರಣೆ ಡಬ್ಬಿ ಇರುತ್ತದೆ. ಸಾಸಿವೆ, ಜೀರಿಗೆ, ಇಂಗು ಕೈಗೆಟಕುವಂತಿರುತ್ತವೆ. ಡಬ್ಬಿಯಲ್ಲಿ ಮುಗಿದರೆ ಉಗ್ರಾಣಕ್ಕೆ ಹೋಗಬೇಕು. ಅಲ್ಲೂ ಇಲ್ಲದಿದ್ದರೆ ಅಂಗಡಿಗೆ ಓಡಬೇಕು. ಎಣ್ಣೆ ಕಾದ ಮೇಲೆ ಅಂಗಡಿಗೆ ಓಡುವಂತಾದರೆ ಅಡುಗೆಯವರು ಎಷ್ಟು ಚುರುಕಾಗಿದ್ದರೇನು? ಡಬ್ಬಿ ಎಷ್ಟು ದೊಡ್ಡದಿರಬೇಕು, ಯಾವುದನ್ನು ಅದರಲ್ಲಿಡಬೇಕು ಎಂಬುದೇ ಕ್ಯಾಶ್ ವಿನ್ಯಾಸದ ಪ್ರಶ್ನೆ. ಲೆಕ್ಕ ಮಾಡುವುದು ಸುಲಭ, ಬೇಕಾದದ್ದನ್ನು ತರುವುದು ಕಷ್ಟ ಎಂಬ ಪಾಠ ಅವರ ವೃತ್ತಿಯ ಆರಂಭದಲ್ಲೇ ಬಂತು.

ಒಂದೇ ತಂತಿಯಲ್ಲಿ ಹಲವು ಸಂದೇಶಗಳು

ಸ್ಟಾನ್‌ಫರ್ಡ್‌ನಿಂದ ಅಗರ್‌ವಾಲ್ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಎಂ.ಐ.ಟಿ.ಗೆ ಅಧ್ಯಾಪಕರಾಗಿ ಹೋದರು. ಅಲ್ಲಿ ಮೊದಲು ಕೈಗೆತ್ತಿಕೊಂಡದ್ದು ‘ಏಲ್‌ವೈಫ್’ ಎಂಬ ಯಂತ್ರ. ಹಲವು ಪ್ರೊಸೆಸರುಗಳನ್ನು ಜೋಡಿಸಿ, ಅವೆಲ್ಲಕ್ಕೂ ಒಂದೇ ಸ್ಮರಣೆ ಇದೆಯೇನೋ ಎಂಬಂತೆ ಕೆಲಸ ಮಾಡಿಸುವುದು ಅದರ ಗುರಿ. ದೂರದಿಂದ ಅಂಕಿ ಬರುವವರೆಗೆ ಪ್ರೊಸೆಸರು ಸುಮ್ಮನೆ ಕೂರದೆ ಬೇರೊಂದು ಕೆಲಸಕ್ಕೆ ಹೊರಳಿಕೊಳ್ಳಲೆಂದು ‘ಸ್ಪಾರ್ಕಲ್’ ಎಂಬ ಚಿಪ್ಪನ್ನು ರೂಪಿಸಿದರು. ಹಾಲು ಕಾಯುವ ಹೊತ್ತಿನಲ್ಲಿ ತರಕಾರಿ ಹೆಚ್ಚುವ ಜಾಣತನವೇ ಇದು.

ಆಮೇಲಿನ ಕೆಲಸ ಇನ್ನೂ ಸ್ವಾರಸ್ಯಕರ. ಪೆಂಟಿಯಂ ಪ್ರಸಂಗದಲ್ಲಿ ನೋಡಿದಂತೆ, ಅಚ್ಚು ಹಾಕುವ ಮೊದಲೇ ಚಿಪ್ಪನ್ನು ಪರೀಕ್ಷಿಸಬೇಕು. ಇನ್ನೂ ಹುಟ್ಟದ ಚಿಪ್ಪನ್ನು ಪರೀಕ್ಷಿಸುವುದು ಹೇಗೆ? ಬೇಕಾದಂತೆ ತರ್ಕವನ್ನು ತುಂಬಬಹುದಾದ ‘ಎಫ್.ಪಿ.ಜಿ.ಎ.’ ಎಂಬ ಚಿಪ್ಪುಗಳು ಉಂಟು. ವಿನ್ಯಾಸವನ್ನು ತುಂಡು ಮಾಡಿ ಇಂಥ ಹಲವು ಚಿಪ್ಪುಗಳಲ್ಲಿ ತುಂಬಿದರೆ, ಬರಲಿರುವ ಚಿಪ್ಪಿನ ನಾಟಕವನ್ನು ಅವು ಆಡಿ ತೋರಿಸುತ್ತವೆ. ಆದರೆ ಒಂದು ತೊಂದರೆ. ಒಂದು ತುಂಡಿನಿಂದ ಇನ್ನೊಂದು ತುಂಡಿಗೆ ಸಾವಿರಾರು ಸಂಕೇತಗಳು ಹೋಗಬೇಕು. ಚಿಪ್ಪಿನ ಅಂಚಿನಲ್ಲಿರುವ ಪಿನ್ನುಗಳು ಮಾತ್ರ ಕೆಲವೇ ನೂರು. ಪಿನ್ನು ಸಾಲದೆ ಒಳಗಿನ ಜಾಗವೆಲ್ಲ ವ್ಯರ್ಥವಾಗುತ್ತಿತ್ತು.

1993ರಲ್ಲಿ ಅಗರ್‌ವಾಲ್ ಮತ್ತು ಅವರ ವಿದ್ಯಾರ್ಥಿಗಳು ಇದಕ್ಕೊಂದು ಉಪಾಯ ಮುಂದಿಟ್ಟರು. ಒಂದು ಸಂಕೇತಕ್ಕೆ ಒಂದು ತಂತಿಯನ್ನು ಮೀಸಲಿಡುವುದೇಕೆ? ಆ ತಂತಿ ಹೆಚ್ಚಿನ ಹೊತ್ತು ಖಾಲಿಯೇ ಇರುತ್ತದೆ. ಸರದಿಯ ಪ್ರಕಾರ ಹಲವು ಸಂಕೇತಗಳನ್ನು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಕಳುಹಿಸೋಣ ಎಂದರು. ಪ್ರತಿಯೊಬ್ಬರಿಗೂ ಒಂದೊಂದು ರಸ್ತೆ ಹಾಕುವ ಬದಲು ವೇಳಾಪಟ್ಟಿ ಇಟ್ಟುಕೊಂಡು ಒಂದೇ ರಸ್ತೆಯಲ್ಲಿ ಎಲ್ಲರನ್ನೂ ಬಿಟ್ಟಂತೆ. ಇಂಥ ತಂತಿಗಳನ್ನು ‘ವರ್ಚುವಲ್ ವೈರ್’ ಎಂದು ಕರೆದರು. ಈ ವಿಚಾರವನ್ನು ಮಾರುಕಟ್ಟೆಗೆ ತರಲು ಹುಟ್ಟಿದ ವರ್ಚುವಲ್ ಮಷೀನ್ ವರ್ಕ್ಸ್ ಕಂಪೆನಿಯ ಸ್ಥಾಪಕರಲ್ಲಿ ಅಗರ್‌ವಾಲ್ ಒಬ್ಬರು. 1996ರಲ್ಲಿ ಇಕೋಸ್ ಎಂಬ ಸಂಸ್ಥೆ ಅದನ್ನು ಕೊಂಡುಕೊಂಡಿತು. ಪ್ರಾಧ್ಯಾಪಕರೊಬ್ಬರು ಉದ್ಯಮಕ್ಕೆ ಕಾಲಿಟ್ಟದ್ದು ಹೀಗೆ.

ತಂತಿ ಉದ್ದವಾದರೆ ಏನಾಗುತ್ತದೆ?

ಈಗ ವಿಷಯದ ತಿರುಳಿಗೆ ಬರೋಣ. ಪಿ.ಯು.ಸಿ. ವಿದ್ಯಾರ್ಥಿಗಳಿಗೆ ರೋಧ, ಧಾರಕತೆ ಎಂಬ ಪದಗಳು ಪರಿಚಿತ. ತಂತಿಯ ಉದ್ದ ಎರಡು ಪಟ್ಟಾದರೆ ಅದರ ರೋಧ ಎರಡು ಪಟ್ಟಾಗುತ್ತದೆ. ಧಾರಕತೆಯೂ ಎರಡು ಪಟ್ಟಾಗುತ್ತದೆ. ಸಂಕೇತ ತಲುಪಲು ಹಿಡಿಯುವ ಕಾಲ ಇವೆರಡರ ಗುಣಲಬ್ಧವನ್ನು ಅವಲಂಬಿಸಿರುವುದರಿಂದ ಅದು ಸುಮಾರು ನಾಲ್ಕು ಪಟ್ಟಾಗುತ್ತದೆ. ನಡುನಡುವೆ ಸಂಕೇತವನ್ನು ಬಲಪಡಿಸುವ ಮಂಡಲಗಳನ್ನಿಟ್ಟು ಇದನ್ನು ತಗ್ಗಿಸಬಹುದು. ಆದರೆ ಅವೂ ಜಾಗ ಬೇಡುತ್ತವೆ, ವಿದ್ಯುತ್ತು ಬೇಡುತ್ತವೆ.

ಟ್ರಾನ್ಸಿಸ್ಟರು ಚಿಕ್ಕದಾದಷ್ಟೂ ಚುರುಕಾಗುತ್ತಿತ್ತು. ತಂತಿಯಾದರೋ ತೆಳುವಾದಷ್ಟೂ ಅದರ ರೋಧ ಹೆಚ್ಚುತ್ತದೆ. ಹೀಗಾಗಿ 1990ರ ದಶಕದ ಕೊನೆಯ ಹೊತ್ತಿಗೆ ಲೆಕ್ಕ ಅಗ್ಗವಾಗಿ ಓಡಾಟ ದುಬಾರಿಯಾಗುವ ಕಾಲ ಬಂದಿತ್ತು. ಆಗ ಎರಡು ದಾರಿಗಳಿದ್ದವು. ಒಂದೇ ದೊಡ್ಡ ಪ್ರೊಸೆಸರನ್ನು ಇನ್ನಷ್ಟು ಜಟಿಲಗೊಳಿಸುತ್ತ ಹೋಗುವುದು ಒಂದು. ಉದ್ದ ತಂತಿಗಳನ್ನೇ ಕೈಬಿಡುವುದು ಇನ್ನೊಂದು.

ಅಗರ್‌ವಾಲ್ ಅವರ ತಂಡ ಎರಡನೆಯದನ್ನು ಆರಿಸಿತು. ಆ ಯೋಜನೆಯ ಹೆಸರು ‘ರಾ’. 1997ರಲ್ಲಿ ಅದರ ವಿಚಾರವನ್ನು ಪ್ರಕಟಿಸಿದರು. 2002ರ ಹೊತ್ತಿಗೆ ಐ.ಬಿ.ಎಂ. ಕಾರ್ಖಾನೆಯಲ್ಲಿ ತಯಾರಾದ ಚಿಪ್ಪು ಕೈಗೆ ಬಂತು. ಅದರಲ್ಲಿ ನೆಲಕ್ಕೆ ಹಾಸಿದ ಬಿಲ್ಲೆಗಳಂತೆ 16 ಒಂದೇ ಬಗೆಯ ಮನೆಗಳು, ನಾಲ್ಕು ಸಾಲು, ನಾಲ್ಕು ಕಂಬ. ಪ್ರತಿ ಮನೆಯಲ್ಲೂ ಒಂದು ಪುಟ್ಟ ಪ್ರೊಸೆಸರು, ಸ್ವಂತ ಸ್ಮರಣೆ, ಜೊತೆಗೆ ಸಂದೇಶಗಳನ್ನು ನಾಲ್ಕು ದಿಕ್ಕಿಗೂ ತಿರುಗಿಸುವ ಒಂದು ವೃತ್ತ, ನಮ್ಮ ಸರ್ಕಲ್ಲುಗಳ ಹಾಗೆ. ಪ್ರತಿ ಮನೆ ಪಕ್ಕದ ಮನೆಯೊಂದಿಗೆ ಮಾತ್ರ ನೇರವಾಗಿ ಮಾತನಾಡುತ್ತದೆ. ಯಾವ ತಂತಿಯೂ ಒಂದು ಮನೆಯ ಅಗಲಕ್ಕಿಂತ ಉದ್ದವಿಲ್ಲ. ಹೆಚ್ಚು ಶಕ್ತಿ ಬೇಕೇ? ತಂತಿಯ ಉದ್ದ ಹೆಚ್ಚಿಸದೆ ಮನೆಗಳ ಸಂಖ್ಯೆ ಹೆಚ್ಚಿಸಿದರಾಯಿತು.

ಇಲ್ಲಿಯೇ ಒಂದು ಲೆಕ್ಕ ಮಾಡೋಣ. 16 ಮನೆಗಳಲ್ಲಿ ಪ್ರತಿಯೊಂದನ್ನೂ ಉಳಿದ ಎಲ್ಲದರೊಂದಿಗೆ ನೇರವಾಗಿ ಜೋಡಿಸಬೇಕಾದರೆ 120 ಸಂಪರ್ಕಗಳು ಬೇಕು. ನೆರೆಹೊರೆಯನ್ನು ಮಾತ್ರ ಜೋಡಿಸಿದರೆ 24 ಸಾಕು. 64 ಮನೆಗಳಿಗೆ ಏರಿದರೆ ಮೊದಲ ಬಗೆಯಲ್ಲಿ 2,016; ಎರಡನೆಯ ಬಗೆಯಲ್ಲಿ 112. ಇನ್ನು ಎಲ್ಲರಿಗೂ ಒಂದೇ ‘ಬಸ್’ ಹಾಕಿದರೆ ತಂತಿ ಉಳಿಯುತ್ತದೆ ನಿಜ. ಆದರೆ ಹೆಬ್ಬಾಳದ ಪಾಡಾಗುತ್ತದೆ. ಚೌಕಟ್ಟಿನಂತೆ ಅಡ್ಡರಸ್ತೆ, ಮುಖ್ಯರಸ್ತೆಗಳಿರುವ ಬಡಾವಣೆಯಲ್ಲಿ ಒಂದು ರಸ್ತೆ ಕಟ್ಟಿದರೆ ಪಕ್ಕದ ರಸ್ತೆ ಹಿಡಿಯಬಹುದು. ರಾ ಚಿಪ್ಪಿನ ಜಾಣತನ ಇಷ್ಟೇ.

ಬೆಲೆ ತೆರದೆ ಏನೂ ಸಿಗುವುದಿಲ್ಲ. ಯಾವ ಕೆಲಸ ಯಾವ ಮನೆಯಲ್ಲಿ ನಡೆಯಬೇಕು, ಸಂದೇಶ ಯಾವ ದಾರಿಯಲ್ಲಿ ಹೋಗಬೇಕು ಎಂಬ ಚಿಂತೆಯನ್ನು ಚಿಪ್ಪು ತನ್ನ ಹೆಗಲಿನಿಂದ ಇಳಿಸಿ ತಂತ್ರಾಂಶದ ಹೆಗಲಿಗೆ ಏರಿಸಿತು. ಈ ಹೊರೆ ಮುಂದೆ ದೊಡ್ಡ ಪ್ರಶ್ನೆಯಾಯಿತು.

ಪ್ರಯೋಗಾಲಯದಿಂದ ಮಾರುಕಟ್ಟೆಗೆ

2004ರಲ್ಲಿ ಅಗರ್‌ವಾಲ್ ‘ಟಿಲೆರಾ’ ಎಂಬ ಕಂಪೆನಿಯ ಸ್ಥಾಪಕರಲ್ಲಿ ಒಬ್ಬರಾಗಿ, ಅದರ ಮುಖ್ಯ ತಾಂತ್ರಿಕ ಅಧಿಕಾರಿಯಾದರು. ಬಿಲ್ಲೆ ಎಂಬರ್ಥದ ‘ಟೈಲ್’ ಪದ ಆ ಹೆಸರಿನಲ್ಲೇ ಇದೆ. 2007ರ ಆಗಸ್ಟ್ ತಿಂಗಳಲ್ಲಿ ಕಂಪೆನಿ ತನ್ನ ಮೊದಲ ಚಿಪ್ಪು ‘ಟೈಲ್64’ ಅನ್ನು ಪ್ರಕಟಿಸಿತು: ಎಂಟು ಸಾಲು, ಎಂಟು ಕಂಬ, ಒಟ್ಟು 64 ಪ್ರೊಸೆಸರುಗಳು. ತಯಾರಿಸಿದ್ದು ತೈವಾನಿನ ಟಿ.ಎಸ್.ಎಂ.ಸಿ. ಮನೆಬಳಕೆಯ ಕಂಪ್ಯೂಟರುಗಳಲ್ಲಿ ಎರಡು ಅಥವಾ ನಾಲ್ಕು ಪ್ರೊಸೆಸರುಗಳಿದ್ದರೆ ದೊಡ್ಡ ಸಂಗತಿ ಎನ್ನುತ್ತಿದ್ದ ಕಾಲ ಅದು.

ಪ್ರಯೋಗಾಲಯದಲ್ಲಿ ‘ಇದು ಸಾಧ್ಯ’ ಎಂದು ತೋರಿಸಿದರೆ ಗೆದ್ದಂತೆ. ಕಂಪೆನಿಯಲ್ಲಿ ಅಷ್ಟು ಸಾಲದು. ಕೊಳ್ಳುವವರು ಕೇಳುವ ಪ್ರಶ್ನೆಯೇ ಬೇರೆ: ‘ನಮ್ಮ ಬಳಿ ಈಗಿರುವ ಪ್ರೋಗ್ರಾಮುಗಳು ಇದರ ಮೇಲೆ ಓಡುತ್ತವೆಯೇ?’ ಜಗತ್ತಿನ ಬಹುಪಾಲು ಪ್ರೋಗ್ರಾಮುಗಳು ಒಂದೇ ಪ್ರೊಸೆಸರನ್ನು ಮನಸ್ಸಿನಲ್ಲಿಟ್ಟು ಬರೆದವು. ಒಂದು ಕೆಲಸವನ್ನು 64 ಪಾಲು ಮಾಡುವುದು ಎಲ್ಲ ಕಡೆಯೂ ಸಾಧ್ಯವಿಲ್ಲ. ಮದುವೆ ಮನೆಯಲ್ಲಿ 64 ಜನ ಒಟ್ಟಿಗೆ ತರಕಾರಿ ಹೆಚ್ಚಬಹುದು. ಆದರೆ 64 ಜನ ಸೇರಿದರೂ ಅನ್ನ ಬೇಯುವ ಹೊತ್ತು ಕಡಿಮೆಯಾಗದು. ಆದ್ದರಿಂದ ಟಿಲೆರಾ ಸಹಜವಾಗಿಯೇ ಪಾಲಾಗುವ ಕೆಲಸಗಳನ್ನು ಆರಿಸಿಕೊಂಡಿತು. ಜಾಲದಲ್ಲಿ ಹರಿಯುವ ಮಾಹಿತಿಯ ಪೊಟ್ಟಣಗಳನ್ನು ಪರಿಶೀಲಿಸುವುದು, ವಿಡಿಯೋ ಚಿತ್ರಗಳನ್ನು ಸಂಸ್ಕರಿಸುವುದು ಇಂಥವು. ಒಂದು ಪೊಟ್ಟಣಕ್ಕೂ ಇನ್ನೊಂದಕ್ಕೂ ಸಂಬಂಧ ಕಡಿಮೆ. ಎಲ್ಲರೂ ಒಟ್ಟಿಗೆ ದುಡಿಯಬಹುದು.

ಟಿಲೆರಾ ಬೃಹತ್ ಸಂಸ್ಥೆಯಾಗಿ ಬೆಳೆಯಲಿಲ್ಲ. 2014ರಲ್ಲಿ ಇಝೀಚಿಪ್ ಅದನ್ನು ಕೊಂಡಿತು. 2016ರಲ್ಲಿ ಇಝೀಚಿಪ್ಪನ್ನು ಮೆಲನಾಕ್ಸ್ ಕೊಂಡಿತು. 2020ರಲ್ಲಿ ಮೆಲನಾಕ್ಸನ್ನು ಎನ್‌ವಿಡಿಯಾ ಕೊಂಡಿತು. ಹಾಗಾದರೆ ಇದು ಸೋಲೇ? 2017ರಲ್ಲಿ ಇಂಟೆಲ್ ತನ್ನ ಸರ್ವರ್ ಚಿಪ್ಪುಗಳಲ್ಲಿ ಉಂಗುರದಂಥ ಸಂಪರ್ಕವನ್ನು ಬಿಟ್ಟು ಚೌಕಟ್ಟಿನಂಥ ಜಾಲಕ್ಕೆ ಬದಲಾಯಿಸಿತು. ಅದು ಟಿಲೆರಾವನ್ನು ನೋಡಿ ಕಲಿತದ್ದೆಂದು ಹೇಳಲು ಬರುವುದಿಲ್ಲ. ತಂತಿಯ ಭೌತಶಾಸ್ತ್ರ ಎಲ್ಲರಿಗೂ ಒಂದೇ. ಪ್ರೊಸೆಸರುಗಳು ಹೆಚ್ಚಿದಾಗ ಎಲ್ಲರನ್ನೂ ಅದೇ ದಾರಿಗೆ ತರುತ್ತದೆ. ಅಲ್ಲಿಗೆ ಹತ್ತು ವರ್ಷ ಮೊದಲೇ ತಲುಪಿದವರಿಗೆ ಮಾರುಕಟ್ಟೆ ಸಿದ್ಧವಾಗಿರುವುದಿಲ್ಲ ಎಂಬುದೂ ಈ ವೃತ್ತಿಯ ಒಂದು ಸತ್ಯ. ಒಳ್ಳೆಯ ವಿನ್ಯಾಸವೂ ಗೆದ್ದ ಕಂಪೆನಿಯೂ ಒಂದೇ ಅಲ್ಲ. ನಾಯಕರಾದವರು ಎರಡಕ್ಕೂ ಉತ್ತರ ಹೇಳಬೇಕಾಗುತ್ತದೆ.

ನಮ್ಮ ಬೆಂಗಳೂರಿನಲ್ಲಿ

ಇಂಥ ಕೆಲಸಕ್ಕೆ ಅಮೆರಿಕಕ್ಕೇ ಹೋಗಬೇಕೇ ಎಂದು ನೀವು ಕೇಳಬಹುದು. ಅಗರ್‌ವಾಲ್ ಮದರಾಸು ಬಿಟ್ಟ 1982ರಲ್ಲಿ ಆ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ‘ಹೌದು’ ಎಂದೇ ಇತ್ತು. ಬುನಾದಿ ಮಾತ್ರ ಇಲ್ಲೂ ಬಿದ್ದಿತ್ತು. 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಗಿತ್ತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ವಿನ್ಯಾಸ ತಂತ್ರಜ್ಞಾನ ಕೇಂದ್ರ ಆರಂಭವಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹ ಸಂಪರ್ಕದ ಮೂಲಕ ಹೊರದೇಶದ ತನ್ನ ಕಚೇರಿಗಳಿಗೆ ಕಳುಹಿಸಿತು. ಗಮನಿಸಿ, ಇಲ್ಲೂ ಮೊದಲ ತೊಡಕು ದಾರಿಯದೇ. ಬುದ್ಧಿ ಇಲ್ಲಿತ್ತು, ಅದು ಓಡಾಡಲು ರಸ್ತೆ ಬೇಕಿತ್ತು.

2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಹೊರತಂದ ಜಿಯಾನ್ 7400 ಸರಣಿಯ ಚಿಪ್ಪಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ‘ಡನ್ನಿಂಗ್ಟನ್’ ಎಂಬುದು ಅದರ ಒಳಹೆಸರು. ಆರು ಪ್ರೊಸೆಸರುಗಳು, ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳು. ಆ ಪ್ರೊಸೆಸರುಗಳ ಮೂಲ ವಿನ್ಯಾಸ ಮೊದಲೇ ಇತ್ತು. ಮೂರು ಜೋಡಿಗಳನ್ನು ಒಂದೇ ಸಿಲಿಕಾನ್ ಮೇಲೆ ಕೂಡಿಸಿ, ಎಲ್ಲರಿಗೂ ಸೇರಿದ 16 ಮೆಗಾಬೈಟ್ ಕ್ಯಾಶ್ ಎಂಬ ಉಗ್ರಾಣವನ್ನು ಇಟ್ಟು, ಹಳೆಯ ಯಂತ್ರಗಳ ಅದೇ ಸಾಕೆಟ್ಟಿನಲ್ಲಿ ಕೂರುವಂತೆ ಮಾಡುವುದು ಇಲ್ಲಿನ ಸವಾಲು. ಅಂದರೆ ಇದೂ ಮುಖ್ಯವಾಗಿ ಜೋಡಣೆಯ ಕೆಲಸವೇ.

ನೀವೇನು ಓದಬೇಕು?

ಹುಣಸಮಾರನಹಳ್ಳಿಯಿಂದ ಬಂದವರಾಗಲಿ, ಹುನಗುಂದದಿಂದ ಬಂದವರಾಗಲಿ, ಈ ವೃತ್ತಿಗೆ ಬರಬಯಸುವವರು ಮೂರು ವಿಷಯಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಒಂದು, ವಿದ್ಯುತ್ ಮಂಡಲಗಳು: ಓಮನ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬಿಡುವವರಿಗೆ ತಂತಿಯ ತೊಡಕು ಎಂದೂ ಕಾಣದು. ಎರಡು, ತರ್ಕ ಮತ್ತು ಪ್ರೋಗ್ರಾಮಿಂಗ್: ಚಿಪ್ಪನ್ನೂ ಇಂದು ಬರೆಯುವುದು ಭಾಷೆಯಲ್ಲೇ. ಮೂರು, ತಪ್ಪು ಹುಡುಕುವ ತಾಳ್ಮೆ: ವಿನ್ಯಾಸ ತಂಡದಲ್ಲಿ ದೊಡ್ಡ ಪಾಲು ಜನ ಮಾಡುವ ಕೆಲಸ ಪರೀಕ್ಷಿಸುವುದೇ.

ಪುಸ್ತಕ, ಪಾಠಗಳ ಮಾತಿಗೂ ಅಗರ್‌ವಾಲ್ ಅವರ ವೃತ್ತಿಯಲ್ಲೇ ಉತ್ತರವಿದೆ. 2012ರಲ್ಲಿ ಎಂ.ಐ.ಟಿ. ಮತ್ತು ಹಾರ್ವರ್ಡ್ ಸೇರಿ ಆರಂಭಿಸಿದ ‘ಎಡ್‌ಎಕ್ಸ್’ ಎಂಬ ಕಲಿಕೆಯ ವ್ಯವಸ್ಥೆಗೆ ಅವರು ಅಧ್ಯಕ್ಷರಾದರು. ಅದಕ್ಕೆ ಮೊದಲೇ, ಆ ವರ್ಷದ ಆರಂಭದಲ್ಲಿ, ಎಂ.ಐ.ಟಿ. ತನ್ನ ಮೊದಲ ಅಂತರಜಾಲ ಪಾಠಕ್ಕೆ ಆರಿಸಿಕೊಂಡ ವಿಷಯ ವಿದ್ಯುತ್ ಮಂಡಲ ಮತ್ತು ಎಲೆಕ್ಟ್ರಾನಿಕ್ಸ್. ಕಲಿಸಿದವರಲ್ಲಿ ಅಗರ್‌ವಾಲ್ ಒಬ್ಬರು. ಜಗತ್ತಿನ ಮೂಲೆಮೂಲೆಗಳಿಂದ ಸುಮಾರು 1,55,000 ಜನ ಹೆಸರು ನೋಂದಾಯಿಸಿದರು. ಕೊನೆಯವರೆಗೆ ಓದಿ ತೇರ್ಗಡೆಯಾದವರು ಸುಮಾರು 7,000. ಬಾಗಿಲು ತೆರೆದಿತ್ತು, ಒಳಗೆ ನಡೆಯುವ ಕೆಲಸ ಮಾತ್ರ ಅವರವರದೇ ಆಗಿತ್ತು. 2017ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಒಲೆಯ ಪಕ್ಕದ ಡಬ್ಬಿ, ಒಂದೇ ತಂತಿಯ ಸರದಿ, ನೆರೆಮನೆಯ ಸಂಪರ್ಕ, ಕೊನೆಗೆ ದೂರದ ವಿದ್ಯಾರ್ಥಿಗೆ ಪಾಠ: ಈ ನಾಲ್ಕೂ ಒಂದೇ ಪ್ರಶ್ನೆಯ ನಾಲ್ಕು ಉತ್ತರಗಳು. ಬೇಕಾದದ್ದನ್ನು ಬೇಕಾದವರ ಬಳಿಗೆ ತಲುಪಿಸುವುದು ಹೇಗೆ? ಹೊಸ ಹೊಸ ವಿಷಯಗಳ ಬೆನ್ನು ಹತ್ತುವುದಕ್ಕಿಂತ ಒಂದು ಒಳ್ಳೆಯ ಪ್ರಶ್ನೆಯನ್ನು ಹಿಡಿದು ಬಿಡದಿರುವುದರಿಂದಲೂ ಒಂದು ವೃತ್ತಿ ಕಟ್ಟಬಹುದು.

ಯೋಚಿಸಿ ನೋಡಿ

1. ನಾಲ್ಕು ಸಾಲು, ನಾಲ್ಕು ಕಂಬಗಳ ಚೌಕ ಬರೆದು ನೆರೆಮನೆಗಳ ನಡುವಿನ ಸಂಪರ್ಕಗಳನ್ನು ಎಣಿಸಿ. 24 ಬಂದಿತೇ? ಒಂದು ಮೂಲೆಯಿಂದ ಎದುರು ಮೂಲೆಗೆ ಕನಿಷ್ಠ ಎಷ್ಟು ಹೆಜ್ಜೆ ಬೇಕು?

2. ತಂತಿಯ ಉದ್ದ ಮೂರು ಪಟ್ಟಾದರೆ ಸಂಕೇತ ತಲುಪುವ ಕಾಲ ಸುಮಾರು ಎಷ್ಟು ಪಟ್ಟಾಗುತ್ತದೆ?

3. ನಿಮ್ಮ ಕಾಲೇಜು ವಾರ್ಷಿಕೋತ್ಸವದ ಕೆಲಸಗಳನ್ನು ಪಟ್ಟಿ ಮಾಡಿ. ಯಾವುದನ್ನು ಹತ್ತು ಜನಕ್ಕೆ ಹಂಚಬಹುದು? ಯಾವುದನ್ನು ಹಂಚಿದರೂ ಹೊತ್ತು ಉಳಿಯುವುದಿಲ್ಲ? ಕಾರಣ ಬರೆಯಿರಿ.

4. ಪರೀಕ್ಷೆ ಇನ್ನೂ ಮುಗಿದಿಲ್ಲ, ಪ್ರತಿಸ್ಪರ್ಧಿಯ ಚಿಪ್ಪು ಮುಂದಿನ ತಿಂಗಳು ಬರುತ್ತದೆ. ವಿನ್ಯಾಸ ತಂಡದ ಮುಖ್ಯಸ್ಥರ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುವಿರಿ? ತರಗತಿಯಲ್ಲಿ ಚರ್ಚಿಸಿ.